ಅಸ್ನಿಯೇರ್ ದಡದಲ್ಲಿ ಅಂದು ಯಾವ ವಾರ?

ಚಿತ್ರದ ಹಿಂಬದಿಯಲ್ಲಿ ಹೊಗೆ ಏಳುತ್ತಿದೆ. ಮೊದಲ ನೋಟಕ್ಕೆ ಅದು ಕಣ್ಣಿಗೆ ಬೀಳುವುದಿಲ್ಲ, ಬೀಳುವುದು ಬಿಸಿಲು. ಎಡಗಡೆ ಹುಲ್ಲಿನ ಇಳಿಜಾರು, ಬಲಗಡೆ ನದಿ. ದಡದ ಮೇಲೆ ದುಂಡು ಟೋಪಿ ಹಾಕಿಕೊಂಡು ಅಡ್ಡಾದ ಒಬ್ಬ ಗಂಡಸು, ಅವನ ಪಕ್ಕ ಕಂದು ಬಣ್ಣದ ನಾಯಿ. ನಟ್ಟನಡುವೆ ಕಾಲನ್ನು ನೀರಿನ ಕಡೆ ಇಳಿಬಿಟ್ಟು, ಬೆನ್ನು ಬಾಗಿಸಿ ಕೂತ ಹುಡುಗ. ಅವನ ಹಿಂದೆ ಕಳಚಿಟ್ಟ ಬಟ್ಟೆ, ಬೂಟು, ಹುಲ್ಲಿನ ಟೋಪಿ. ನೀರಿನಲ್ಲಿ ನಿಂತ ಇನ್ನೊಬ್ಬ ಹುಡುಗ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಆಚೆ ದಡದ ಕಡೆಗೆ ಕೂಗು ಹಾಕುತ್ತಿದ್ದಾನೆ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಎಲ್ಲರಿಗಿಂತ ಹಿಂದೆ, ಬಿಸಿಲಿನ ಮಬ್ಬಿನಲ್ಲಿ ಅರ್ಧ ಕರಗಿದಂತೆ, ಒಂದು ಸೇತುವೆ, ಕಾರ್ಖಾನೆಗಳ ಸಾಲು, ಚಿಮಣಿಗಳು. ಆ ಹೊಗೆ ಅಲ್ಲಿಯದು.

ಚಿತ್ರದ ಹೆಸರು ‘ಅಸ್ನಿಯೇರ್‌ನಲ್ಲಿ ಸ್ನಾನ’. ಬರೆದವನು ಜಾರ್ಜ್ ಸ್ಯೂರಾ. 1884ರಲ್ಲಿ ಮುಗಿಸಿದಾಗ ಅವನಿಗೆ ಇಪ್ಪತ್ನಾಲ್ಕು ವರ್ಷ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾನು ಮೂಲವನ್ನು ನೋಡಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ಅಂಗೈಯಗಲದ ಮುದ್ರಣವಾಗಿ ಸಿಕ್ಕಿತು, ಆಮೇಲೆ ಗ್ಯಾಲರಿಯ ಜಾಲತಾಣದಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎತ್ತರ ಎರಡು ಮೀಟರ್, ಅಗಲ ಮೂರು ಮೀಟರ್ ಎಂದು ಬರೆದಿತ್ತು. ಅದೆಷ್ಟು ದೊಡ್ಡದು ಎಂದು ತಿಳಿಯಲು ಹಾಸ್ಟೆಲ್ ರೂಮಿನಲ್ಲಿ ಟೇಪು ಹಿಡಿದು ಅಳೆದೆ. ನನ್ನ ಮಂಚದ ಪಕ್ಕದ ಗೋಡೆ ಸಾಲಲಿಲ್ಲ.

ಈ ಅಳತೆ ಸಣ್ಣ ಸಂಗತಿಯಲ್ಲ. ಆ ಕಾಲದ ಫ್ರಾನ್ಸ್‌ನಲ್ಲಿ ಅಷ್ಟು ದೊಡ್ಡ ಕ್ಯಾನ್ವಾಸನ್ನು ಪುರಾಣಕ್ಕೆ, ಯುದ್ಧಕ್ಕೆ, ರಾಜರಾಣಿಯರಿಗೆ ಮೀಸಲಿಡುತ್ತಿದ್ದರು. ನೀರಿನ ದಡದಲ್ಲಿ ಬೆತ್ತಲೆ ಮೈಗಳನ್ನು ಬರೆಯುವುದಕ್ಕೂ ದೊಡ್ಡ ಪರಂಪರೆ ಇತ್ತು. ಆದರೆ ಅಲ್ಲಿ ಮೀಯುವವರು ದೇವತೆಯರು, ಅಪ್ಸರೆಯರು. ಅವರಿಗೆ ಹೊತ್ತು ಕಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ಯೂರಾ ಅವರ ಜಾಗದಲ್ಲಿ ಬೂಟು ಕಳಚಿಟ್ಟ ಹುಡುಗರನ್ನು ತಂದು ಕೂರಿಸಿದ.

ಹೊಗೆಯ ಮೇಲೆ ನನ್ನ ಕಣ್ಣು ಬೀಳುವುದಕ್ಕೆ ಕಾರಣ ನನ್ನ ಅಪ್ಪ. ಅಪ್ಪ ಹರಿಹರದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಅವರಿಗೆ ವಾರದ ರಜೆ ಬುಧವಾರ. ನಮಗೆ ಶಾಲೆಗೆ ರಜೆ ಭಾನುವಾರ. ಹೀಗಾಗಿ ಬೇಸಿಗೆ ರಜೆಯ ಬುಧವಾರಗಳನ್ನು ಬಿಟ್ಟರೆ ಅಪ್ಪ ಸುಮ್ಮನೆ ಕೂತಿದ್ದನ್ನು ನಾವು ಮಕ್ಕಳು ನೋಡಿದ್ದೇ ಕಡಿಮೆ. ಆ ಬುಧವಾರಗಳಲ್ಲಿ ತುಂಗಭದ್ರೆಯ ದಡಕ್ಕೆ ಹೋಗುತ್ತಿದ್ದೆವು. ಅಪ್ಪ ಟವೆಲು ಹಾಸಿಕೊಂಡು ಮಲಗಿಬಿಡುತ್ತಿದ್ದರು. ನದಿಯ ಆಚೆಗೆ ಕುಮಾರಪಟ್ಟಣದ ಕಡೆ ಚಿಮಣಿಯ ಹೊಗೆ ಕಾಣುತ್ತಿತ್ತು. ನಾವು ಆಡುತ್ತಿದ್ದ ದಿನ ಊರಿಗೆಲ್ಲ ಕೆಲಸದ ದಿನ ಎನ್ನುವುದಕ್ಕೆ ಆ ಹೊಗೆಯೇ ಗುರುತು. ಹಾಗಾಗಿ ಅಸ್ನಿಯೇರಿನ ಚಿತ್ರದಲ್ಲಿ ಹೊಗೆ ಕಂಡ ಕೂಡಲೇ ನನ್ನಲ್ಲಿ ಎದ್ದ ಪ್ರಶ್ನೆ ಬಣ್ಣದ್ದಲ್ಲ, ಕಲೆಯದ್ದೂ ಅಲ್ಲ. ಅಂದು ಯಾವ ವಾರ?

ಕಾರ್ಖಾನೆ ನಡೆಯುತ್ತಿದೆ ಎಂದರೆ ಭಾನುವಾರ ಇರಲಾರದು. ಸೋಮವಾರ ಇರಬಹುದೇ? ಈ ಊಹೆ ನನ್ನೊಬ್ಬರದೇ ಅಲ್ಲ, ಕಲಾ ಇತಿಹಾಸಕಾರರ ನಡುವೆಯೂ ಓಡಾಡಿದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕುಶಲಕರ್ಮಿಗಳು ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುವುದು ಒಂದು ಸಂಪ್ರದಾಯವೇ ಆಗಿತ್ತು. ಕ್ರೈಸ್ತ ಸಂತರಿಗೆಲ್ಲ ಒಂದೊಂದು ಹಬ್ಬದ ದಿನ ಇರುವಂತೆ ಇದಕ್ಕೂ ‘ಸಂತ ಸೋಮವಾರ’ ಎಂದು ತಮಾಷೆಯ ಹೆಸರಿಟ್ಟಿದ್ದರು. ಧಣಿಗಳಿಗೆ ಇದು ಕುಡುಕರ ಸೋಮಾರಿತನ. ಕೆಲಸಗಾರರಿಗೆ ತಮ್ಮ ದಿನವನ್ನು ತಾವೇ ಆರಿಸಿಕೊಳ್ಳುವ ಹಟ. ದೊಡ್ಡ ಕಾರ್ಖಾನೆಗಳು ಬಂದಂತೆ, ಗಂಟೆ ಹೊಡೆದು ಬಾಗಿಲು ಹಾಕುವ ಪದ್ಧತಿ ಬಲವಾದಂತೆ, 1880ರ ದಶಕದ ಹೊತ್ತಿಗೆ ಆ ಸಂತ ಮುದುಕನಾಗಿದ್ದ.

ಕಾನೂನು ಏನು ಹೇಳುತ್ತಿತ್ತು ಎಂದು ಹುಡುಕಿದೆ. ನನ್ನ ಪಿಎಚ್‌ಡಿ ವಿಷಯ ಗಿರಣಿ ಕಾರ್ಮಿಕರ ಬಿಡುವಿನ ಇತಿಹಾಸ. ಹಾಗಾಗಿ ಕಾನೂನು ಪುಸ್ತಕ ತೆಗೆಯುವ ಚಟ ಇದೆ. ಸಿಕ್ಕಿದ್ದು ವಿಚಿತ್ರವಾಗಿತ್ತು. ಫ್ರಾನ್ಸ್‌ನಲ್ಲಿ ಭಾನುವಾರ ಕೆಲಸ ನಿಲ್ಲಿಸಬೇಕು ಎಂಬ ಕಾನೂನು 1814ರಿಂದ ಇತ್ತು. ಅರಸೊತ್ತಿಗೆ ಮರಳಿ ಬಂದಾಗ ಚರ್ಚಿನ ಗೌರವಕ್ಕಾಗಿ ಮಾಡಿದ ಕಾನೂನು ಅದು, ಕೆಲಸಗಾರರ ಮೈನೋವಿಗಾಗಿ ಮಾಡಿದ್ದಲ್ಲ. ಮುಂದೆ ಬಂದ ಮೂರನೆಯ ಗಣರಾಜ್ಯದವರು ಧರ್ಮದ ಹಿಡಿತ ಬಿಡಿಸುವ ಉತ್ಸಾಹದಲ್ಲಿ 1880ರ ಜುಲೈ 12ರಂದು ಅದನ್ನು ರದ್ದು ಮಾಡಿದರು. ಎರಡೇ ದಿನಕ್ಕೆ, ಜುಲೈ 14ರಂದು, ಮೊದಲ ಬಾರಿಗೆ ರಾಷ್ಟ್ರೀಯ ಹಬ್ಬದ ಸಡಗರ. ದೇವರ ಹೆಸರಿನಲ್ಲಿ ಸಿಕ್ಕಿದ್ದ ಬಿಡುವು ಹೋಯಿತು. ಮನುಷ್ಯನ ಹೆಸರಿನಲ್ಲಿ ಅದು ಮರಳಿ ಬರಲು 1906ರ ಜುಲೈ 13ರವರೆಗೆ ಕಾಯಬೇಕಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಕೂರಿಯೇರ್ ಕಲ್ಲಿದ್ದಲು ಗಣಿಯ ದುರಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತು, ಮುಷ್ಕರಗಳು ಭುಗಿಲೆದ್ದಿದ್ದವು.

ಅಂದರೆ 1880ರಿಂದ 1906ರವರೆಗೆ ಇಪ್ಪತ್ತಾರು ವರ್ಷ, ಫ್ರಾನ್ಸ್‌ನ ವಯಸ್ಕ ಗಂಡಾಳಿಗೆ ವಾರಕ್ಕೊಂದು ದಿನ ಸುಮ್ಮನಿರುವ ಹಕ್ಕು ಕಾನೂನಿನಲ್ಲಿ ಇರಲಿಲ್ಲ. ಸ್ಯೂರಾನ ಚಿತ್ರ ಆ ಸಂದಿನಲ್ಲಿ ಬರೆದದ್ದು. ಇನ್ನೂ ಒಂದು ಸೂಕ್ಷ್ಮ ಇದೆ. 1874ರ ಕಾನೂನಿನ ಪ್ರಕಾರ ಹದಿನಾರು ವರ್ಷದೊಳಗಿನ ಮಕ್ಕಳನ್ನು ಭಾನುವಾರ ದುಡಿಸುವಂತಿರಲಿಲ್ಲ. ಹಾಗೆ ನೋಡಿದರೆ ಆ ದಡದ ಮೇಲೆ ಎರಡು ಬಗೆಯ ಜನ ಇದ್ದಾರೆ. ನೀರಿಗಿಳಿದ ಹುಡುಗರಿಗೆ ಕಾಗದದ ಮೇಲಾದರೂ ಒಂದು ದಿನ ಇದೆ. ಟೋಪಿ ಹಾಕಿಕೊಂಡು ಅಡ್ಡಾದ ಗಂಡಸಿಗೆ ಅದೂ ಇಲ್ಲ. ಅವನು ಧಣಿಯ ಮರ್ಜಿಯಿಂದಲೋ ತನ್ನ ಹಟದಿಂದಲೋ ಅಲ್ಲಿ ಮಲಗಿದ್ದಾನೆ.

ಇವರು ಕಾರ್ಮಿಕರೇ ಎಂದು ನೀವು ಕೇಳಬಹುದು. ಬಟ್ಟೆ ನೋಡಿ ಹೇಳುವುದು ಕಷ್ಟ. ಆ ದುಂಡು ಟೋಪಿಯನ್ನು ಆಗ ಅಂಗಡಿ ಗುಮಾಸ್ತನೂ ಹಾಕುತ್ತಿದ್ದ, ರಜೆಯ ದಿನ ಕಾರ್ಖಾನೆ ಆಳೂ ಹಾಕುತ್ತಿದ್ದ. ಕೆಲವು ವಿದ್ವಾಂಸರು ಇವರನ್ನು ಕಾರ್ಮಿಕರು ಎನ್ನುತ್ತಾರೆ, ಕೆಲವರು ಸಣ್ಣಪುಟ್ಟ ಕೆಲಸದ ಕೆಳ ಮಧ್ಯಮವರ್ಗ ಎನ್ನುತ್ತಾರೆ. ನನಗೆ ಈ ಜಗಳದಲ್ಲಿ ಅಷ್ಟು ಆಸಕ್ತಿ ಇಲ್ಲ. ಊರ ಕಾರ್ಖಾನೆ ಕಾಲೋನಿಗಳಲ್ಲಿ ಬೆಳೆದವರಿಗೆ ಗೊತ್ತು: ಒಂದೇ ಮನೆಯಲ್ಲಿ ಅಣ್ಣ ಫಿಟ್ಟರ್, ತಮ್ಮ ಆಫೀಸಿನಲ್ಲಿ ಟೈಪಿಸ್ಟ್.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಬಿಡುವಿನ ಇತಿಹಾಸ ಬರೆಯಲು ಹೊರಟವರಿಗೆ ದೊಡ್ಡ ತೊಂದರೆ ಎಂದರೆ ದಾಖಲೆ. ಕೆಲಸಕ್ಕೆ ದಾಖಲೆ ಇರುತ್ತದೆ: ಹಾಜರಿ ಪುಸ್ತಕ, ದಂಡದ ಪಟ್ಟಿ, ಅಪಘಾತದ ವರದಿ. ಸುಮ್ಮನೆ ಕೂತದ್ದನ್ನು ಯಾರು ಬರೆದಿಡುತ್ತಾರೆ? ಹಾಗಾಗಿ ಈ ಚಿತ್ರ ಸಿಕ್ಕಾಗ ನಿಧಿ ಸಿಕ್ಕಂತಾಯಿತು. 1880ರ ದಶಕದ ಒಂದು ಬಿಡುವಿನ ದಿನ, ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ! ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಇದರಿಂದಲೇ ಶುರುಮಾಡುವುದು ಎಂದುಕೊಂಡೆ.

ಆಮೇಲೆ ಚಿತ್ರ ಹೇಗೆ ತಯಾರಾಯಿತು ಎಂದು ಓದಿದೆ. ಸ್ಯೂರಾ ಸಿಗಾರ್ ಡಬ್ಬಿಯ ಮುಚ್ಚಳದಷ್ಟು ಚಿಕ್ಕ ಹಲಗೆಗಳನ್ನು ಹಿಡಿದುಕೊಂಡು ಆ ದಡಕ್ಕೆ ಹೋಗುತ್ತಿದ್ದ. ಬಯಲಿನಲ್ಲೇ ಕೂತು ಬಣ್ಣದಲ್ಲಿ ಬೇಗಬೇಗ ಬರೆದ ಹತ್ತು ಹನ್ನೆರಡು ಹಲಗೆಗಳು ಉಳಿದಿವೆ. ಕೆಲವದರಲ್ಲಿ ಜನ ಕುದುರೆಗಳನ್ನು ನೀರಿಗಿಳಿಸಿ ಮೈ ತೊಳೆಯುತ್ತಿದ್ದಾರೆ. ಒಂದರಲ್ಲಿ ಕಾಮನಬಿಲ್ಲು ಇದೆ. ದೊಡ್ಡ ಚಿತ್ರದಲ್ಲಿ ಕುದುರೆಯೂ ಇಲ್ಲ, ಕಾಮನಬಿಲ್ಲೂ ಇಲ್ಲ. ಅಲ್ಲಿರುವ ಮನುಷ್ಯರನ್ನು ಅವನು ಬೇರೆಯಾಗಿ, ಒಬ್ಬೊಬ್ಬರನ್ನಾಗಿ, ತನ್ನ ಸ್ಟುಡಿಯೋದಲ್ಲಿ ಮಾಡೆಲ್‌ಗಳನ್ನು ನಿಲ್ಲಿಸಿ, ಕೂರಿಸಿ, ಒರಟು ಕಾಗದದ ಮೇಲೆ ಕಪ್ಪು ಕ್ರೇಯಾನಿನಿಂದ ಬರೆದುಕೊಂಡ. ಕೂಗು ಹಾಕುವ ಹುಡುಗನದೂ ಅಂಥ ಒಂದು ರೇಖಾಚಿತ್ರ ಇದೆ. ಸುತ್ತ ನೀರಿಲ್ಲ, ಬಿಸಿಲಿಲ್ಲ, ಕಾಗದದ ಕತ್ತಲಲ್ಲಿ ಅವನೊಬ್ಬನೇ ಬಾಯಿಗೆ ಕೈ ಹಿಡಿದು ನಿಂತಿದ್ದಾನೆ.

ಈ ಜನ ಎಂದೂ ಒಟ್ಟಿಗೆ ಆ ದಡದಲ್ಲಿ ಸೇರಿರಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡದಿರುವುದನ್ನು ಕಾರ್ಖಾನೆ ಯುಗದ ಒಂಟಿತನ ಎಂದು ವಿವರಿಸುವವರಿದ್ದಾರೆ. ಆ ಅರ್ಥ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಬ್ಬೊಬ್ಬರಾಗಿ ಬರೆಸಿಕೊಂಡವರಿಗೆ ನೋಡಲು ಪಕ್ಕದಲ್ಲಿ ಯಾರಿದ್ದರು? ನನ್ನ ನಿಧಿ ಅಲ್ಲಿಗೆ ಅರ್ಧ ಕರಗಿತು. ವಾರ ಯಾವುದೆಂದು ಕೇಳುವುದೇ ತಪ್ಪು ಪ್ರಶ್ನೆ ಎಂದು ಸ್ನೇಹಿತರೊಬ್ಬರು ನಕ್ಕರು. ಸ್ಟುಡಿಯೋದಲ್ಲಿ ಕಟ್ಟಿದ ದಿನಕ್ಕೆ ವಾರ ಎಲ್ಲಿಯದು?

ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಜಾಗವಂತೂ ನಿಜ. ಅದು ಪ್ಯಾರಿಸ್ಸಿನ ವಾಯವ್ಯಕ್ಕೆ, ಸೇನ್ ನದಿ ತಿರುವು ತೆಗೆದುಕೊಳ್ಳುವಲ್ಲಿ, ಅಸ್ನಿಯೇರ್ ಮತ್ತು ಕೂರ್ಬವುವಾ ಎಂಬ ಹೊರವಲಯದ ಊರುಗಳ ದಡ. ಹಿಂದೆ ಕಾಣುವ ಕಾರ್ಖಾನೆಗಳು ಕ್ಲಿಶಿಯವು. ಕುದುರೆಯನ್ನು ತೆಗೆದವನು, ಕಾಮನಬಿಲ್ಲನ್ನು ತೆಗೆದವನು, ಹೊಗೆಯನ್ನು ಉಳಿಸಿಕೊಂಡಿದ್ದಾನೆ. ಕಣ್ತಪ್ಪಿನಿಂದ ಉಳಿಯುವಂಥದ್ದಲ್ಲ ಅದು. ಸ್ಯೂರಾನಲ್ಲಿ ಕಣ್ತಪ್ಪು ಕಡಿಮೆ.

ಎಷ್ಟು ಕಡಿಮೆ ಎಂದು ತಿಳಿಯಬೇಕಾದರೆ ಆ ನಡುವಿನ ಹುಡುಗನ ಮೈಯಂಚನ್ನು ನೋಡಬೇಕು. ಬಿಸಿಲು ಬಿದ್ದ ಕಡೆ ಮೈ ಬೆಳ್ಳಗಿದೆ, ಅದಕ್ಕೆ ತಾಗಿದ ನೀರು ಸ್ವಲ್ಪ ಕಪ್ಪಾಗಿದೆ. ನೆರಳಿನ ಕಡೆ ಮೈ ಮಬ್ಬು, ಅದಕ್ಕೆ ತಾಗಿದ ನೀರು ಬೆಳಗಿದೆ. ನಿಜವಾದ ನದಿ ಹೀಗೆ ಇರುವುದಿಲ್ಲ, ಕಣ್ಣು ಹೀಗೆ ನೋಡುತ್ತದೆ. ಇದರ ಹಿಂದೆ ಮಿಶೆಲ್ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞನ ಓದು ಇದೆ. ಶೆವ್ರೋಲ್ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಕಪ್ಪು ನೂಲಿಗೆ ಕಸುವಿಲ್ಲ ಎಂದು ನೇಕಾರರು ದೂರಿದಾಗ ಅವನು ಪರೀಕ್ಷೆ ಮಾಡಿ ಕಂಡುಕೊಂಡದ್ದು, ತೊಂದರೆ ಬಣ್ಣದ್ದಲ್ಲ, ಪಕ್ಕದ ನೂಲಿನದು ಎಂದು. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ಕಣ್ಣಿನಲ್ಲಿ ಬದಲಿಸಿಬಿಡುತ್ತದೆ. 1839ರಲ್ಲಿ ಅವನು ಬರೆದ ಪುಸ್ತಕ ಚಿತ್ರಕಾರರ ಕೈಗೂ ಬಂತು. ಬಣ್ಣದಂಗಡಿಯ ಜಗಳವೊಂದು ಹೀಗೆ ಅಸ್ನಿಯೇರಿನ ನೀರಿನವರೆಗೆ ಹರಿದಿದೆ.

ಆ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿತ್ರದಲ್ಲಿ ಅದು ತಿಳಿನೀಲಿ. ನಿಜದಲ್ಲಿ ಪ್ಯಾರಿಸ್ಸಿನ ದೊಡ್ಡ ಒಳಚರಂಡಿ ನದಿಗೆ ಬಂದು ಸೇರುತ್ತಿದ್ದದ್ದು ಅಲ್ಲೇ, ಕ್ಲಿಶಿಯ ಬಳಿ, ದೂರದ ಆ ಸೇತುವೆಯ ಆಸುಪಾಸಿನಲ್ಲಿ. 1880ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ನಾತ ಎಷ್ಟು ಕುಖ್ಯಾತವಾಯಿತೆಂದರೆ ಪತ್ರಿಕೆಗಳ ತುಂಬ ಅದೇ ಸುದ್ದಿ. ಒಂದು ಕಡೆ ಹೊಗೆ, ಇನ್ನೊಂದು ಕಡೆ ಕೊಚ್ಚೆ, ಎರಡರ ನಡುವೆ ಸಿಕ್ಕ ಒಂದು ತುಂಡು ಹುಲ್ಲು. ದುಡಿಯುವ ಜನಕ್ಕೆ ಊರು ಬಿಟ್ಟುಕೊಟ್ಟ ಜಾಗ ಅದು. ಹೊಗೆಯನ್ನು ತೋರಿಸಿದ ಸ್ಯೂರಾ ನಾತವನ್ನು ತೋರಿಸಲಿಲ್ಲ. ತೋರಿಸಲು ಬರುವುದೂ ಇಲ್ಲ ಎನ್ನಿ.

ಅವನು ಸ್ವತಃ ಆ ದಡದವನಲ್ಲ. ಅಪ್ಪ ನ್ಯಾಯಾಲಯದ ಅಧಿಕಾರಿಯಾಗಿದ್ದು, ಆಸ್ತಿಯ ಆದಾಯ ಚೆನ್ನಾಗಿತ್ತು. ಮಗನಿಗೆ ಹೊಟ್ಟೆಪಾಡಿಗೆ ಚಿತ್ರ ಮಾರುವ ದರ್ದು ಇರಲಿಲ್ಲ. ರಜೆ ಎಂಬುದನ್ನು ಕೇಳಿ ಪಡೆಯುವ ಅನುಭವ ಅವನಿಗಿಲ್ಲ. ಚಿತ್ರದ ಬಲಗಡೆ ಒಂದು ದೋಣಿ ಇದೆ. ಅದರಲ್ಲಿ ಎತ್ತರದ ಟೋಪಿಯ ಗೃಹಸ್ಥ, ಕೊಡೆ ಹಿಡಿದ ಹೆಂಗಸು, ಹಿಂದೆ ಫ್ರಾನ್ಸ್‌ನ ಮೂರು ಬಣ್ಣದ ಬಾವುಟ. ದೋಣಿ ಹೋಗುತ್ತಿರುವುದು ಎದುರಿನ ಗ್ರಾಂದ್ ಜಾತ್ ದ್ವೀಪದ ಕಡೆಗೆ. ಮುಂದಿನ ಎರಡು ವರ್ಷ ಸ್ಯೂರಾ ಬರೆದದ್ದು ಆ ದ್ವೀಪದ ಚಿತ್ರವನ್ನೇ. ಈಗ ಷಿಕಾಗೋದಲ್ಲಿರುವ, ಅವನಿಗೆ ಜಗತ್ತಿನ ಹೆಸರು ತಂದ ಚಿತ್ರ ಅದು. ಅಲ್ಲಿ ಜನ ಸಿಂಗರಿಸಿಕೊಂಡು ನಿಂತಿದ್ದಾರೆ, ಹೆಸರಿನಲ್ಲೇ ಭಾನುವಾರ ಎಂದು ಬರೆದಿದೆ. ಆ ದಡದವರಿಗೆ ವಾರ ಇದೆ, ಈ ದಡದವರಿಗೆ ಇಲ್ಲ! ಸ್ಯೂರಾ ಬೇಕೆಂದೇ ಹಾಗೆ ಮಾಡಿದ ಎಂದು ನಾನು ವಾದಿಸುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಅದು ಹೊಳೆಯದೆ ಇರುವುದಿಲ್ಲ.

1884ರ ಸಲೋನ್ ಪ್ರದರ್ಶನದ ತೀರ್ಪುಗಾರರು ‘ಸ್ನಾನ’ವನ್ನು ತಿರಸ್ಕರಿಸಿದರು. ಹೀಗೆ ತಿರಸ್ಕೃತರಾದವರೆಲ್ಲ ಸೇರಿ ಆ ಮೇ ತಿಂಗಳಲ್ಲಿ ತ್ವೀಲರಿ ಅರಮನೆಯ ಅಂಗಳದ ತಾತ್ಕಾಲಿಕ ಕಟ್ಟಡದಲ್ಲಿ ತಮ್ಮದೇ ಪ್ರದರ್ಶನ ಮಾಡಿದರು. ಅಲ್ಲೂ ಈ ದೊಡ್ಡ ಕ್ಯಾನ್ವಾಸಿಗೆ ಸಿಕ್ಕಿದ್ದು ತಿಂಡಿ ಪಾನೀಯದ ಕೋಣೆಯ ಗೋಡೆ. ಕೆಲಸಗಾರರ ಬಿಡುವಿನ ಚಿತ್ರವನ್ನು ಜನ ಗ್ಲಾಸು ಹಿಡಿದುಕೊಂಡು ನೋಡಿದರು. ಇಪ್ಪತ್ತರ ಹರೆಯದ ಪಾಲ್ ಸಿನ್ಯಾಕ್ ಅದನ್ನು ನೋಡಿದ್ದೂ ಅಲ್ಲೇ. ಇಬ್ಬರ ಗೆಳೆತನದಿಂದ ಮುಂದೆ ಚುಕ್ಕಿಗಳ ಚಿತ್ರಕಲೆ ಬೆಳೆಯಿತು. ಈ ಚಿತ್ರ ಚುಕ್ಕಿಗಳದ್ದಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಪಠ್ಯಪುಸ್ತಕಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ. ಹುಲ್ಲಿನಲ್ಲಿರುವುದು ಅಡ್ಡಡ್ಡ ಎಳೆದ ಕುಂಚದ ಗೀರು. ಚುಕ್ಕಿಗಳನ್ನು ಸ್ಯೂರಾ ಸುಮಾರು 1887ರಲ್ಲಿ ಅಲ್ಲಲ್ಲಿ ಸೇರಿಸಿದ, ಕೂಗುವ ಹುಡುಗನ ಕಿತ್ತಳೆ ಟೋಪಿಯ ಮೇಲೆ ಅವು ಸ್ಪಷ್ಟ. 1891ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಸ್ಯೂರಾ ತೀರಿಕೊಂಡಾಗ ಚಿತ್ರ ಇನ್ನೂ ಮಾರಾಟವಾಗಿರಲಿಲ್ಲ.

ಅದೇ 1884ರಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಮುಂಬಯಿಯ ಪರೇಲ್‌ನಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರ ಸಭೆ ಕರೆದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಎರಡೂ 1884ಗಳು ಬಹಳ ದಿನ ಬೇರೆ ಬೇರೆ ಪುಟಗಳಲ್ಲಿದ್ದವು. ಸುಮಾರು 5,500 ಕಾರ್ಮಿಕರು ಸಹಿ ಹಾಕಿದ ಮನವಿಯ ಮೊದಲ ಬೇಡಿಕೆ, ಭಾನುವಾರ ಪೂರ್ತಿ ರಜೆ. ನಮ್ಮಲ್ಲೂ 1881ರ ಕಾರ್ಖಾನೆ ಕಾಯ್ದೆ ರಜೆ ಕೊಟ್ಟಿದ್ದು ಮಕ್ಕಳಿಗೆ ಮಾತ್ರ, ದೊಡ್ಡವರಿಗೆ ಇಲ್ಲ. ಮುಂಬಯಿಯ ಗಿರಣಿ ಮಾಲೀಕರು ಭಾನುವಾರವನ್ನು ಬಿಟ್ಟುಕೊಟ್ಟದ್ದು 1890ರ ಜೂನ್‌ನಲ್ಲಿ, ಫ್ರಾನ್ಸ್‌ನ ಕಾನೂನಿಗಿಂತ ಹದಿನಾರು ವರ್ಷ ಮೊದಲು. ಲೋಖಂಡೆಯವರ ಜನ ತಮ್ಮ ಮೊದಲ ಭಾನುವಾರವನ್ನು ಎಲ್ಲಿ, ಹೇಗೆ ಕಳೆದರು? ಅದನ್ನು ಎರಡು ಮೀಟರ್ ಎತ್ತರಕ್ಕೆ ಬರೆದ ಚಿತ್ರ ನಮ್ಮಲ್ಲಿಲ್ಲ. ಹಾಗಾಗಿ ನಾನು ಸ್ಯೂರಾನ ಚಿತ್ರವನ್ನು, ಅದರ ಎಲ್ಲ ಸ್ಟುಡಿಯೋ ಸುಳ್ಳುಗಳ ಸಮೇತ, ಬಿಟ್ಟುಕೊಡಲಿಲ್ಲ. ಮೊದಲ ಅಧ್ಯಾಯ ಈಗಲೂ ಅದರಿಂದಲೇ ಶುರು.

ಚಿತ್ರ ಲಂಡನ್ನಿಗೆ ಬಂದದ್ದು 1924ರಲ್ಲಿ, ಸ್ಯಾಮುಯೆಲ್ ಕೋರ್ಟಾಲ್ಡ್ ಕೊಟ್ಟ 50,000 ಪೌಂಡಿನ ನಿಧಿಯಿಂದ. ಅವನ ಮನೆತನದ ಕಂಪನಿಗೆ ಆ ಹಣ ಬಂದದ್ದು ರೇಯಾನಿನಿಂದ, ಅಂದರೆ ಮರದ ತಿರುಳಿನಿಂದ ಮಾಡುವ ಕೃತಕ ರೇಷ್ಮೆಯಿಂದ. ಇದನ್ನು ಓದಿದ ರಾತ್ರಿ ನನಗೆ ನಗು ಬಂತು. ತುಂಗಭದ್ರೆಯ ಆಚೆ ಕುಮಾರಪಟ್ಟಣದಲ್ಲಿ ಹೊಗೆ ಬಿಡುತ್ತಿದ್ದ ಕಾರ್ಖಾನೆಗೆ ಲಾರಿಗಟ್ಟಲೆ ನೀಲಗಿರಿ ಮರ ಹೋಗುತ್ತಿದ್ದದ್ದೂ ರೇಯಾನಿನ ತಿರುಳಿಗಾಗಿಯೇ.

ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಈಗ ನಿವೃತ್ತರು, ಎಲ್ಲ ದಿನವೂ ಬುಧವಾರ. ಕನ್ನಡಕ ಹಾಕಿಕೊಂಡು, ಪರದೆಯನ್ನು ಬೆರಳಿನಿಂದ ಹಿಗ್ಗಿಸಿ, ಬಹಳ ಹೊತ್ತು ನೋಡಿದರು. ನಾನು ಭಾನುವಾರ, ಸೋಮವಾರ, 1814, 1880 ಎಲ್ಲ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ.

“ಈ ಟೋಪಿಯೋನು ನೈಟ್ ಶಿಫ್ಟ್ ಮುಗಿಸ್ಕಂಡು ಬಂದಾನೆ,” ಎಂದರು.

ಅದು ನನಗೆ ಹೊಳೆದಿರಲಿಲ್ಲ. ಗಾಜಿನ ಕುಲುಮೆ, ಗ್ಯಾಸಿನ ಒಲೆ ಇಂಥವನ್ನು ವಾರಕ್ಕೊಮ್ಮೆ ಆರಿಸಲು ಬರುವುದಿಲ್ಲ. 1906ರ ಕಾನೂನು ಕೂಡ ಅಂಥ ಕಡೆ ಸರದಿಯ ಮೇಲೆ ರಜೆ ಕೊಡಬಹುದು ಎಂದು ಬಿಟ್ಟುಕೊಟ್ಟಿತ್ತು. ಅಪ್ಪನ ಬುಧವಾರ ಹುಟ್ಟಿದ್ದೂ ಅಂಥದೇ ಲೆಕ್ಕದಿಂದ.

“ಹೆಂಗ್ ಗೊತ್ತಪ್ಪ?” ಎಂದೆ.

“ಹುಡುಗ್ರು ನೀರ್ನಾಗೆ ಅಷ್ಟು ಕೂಗ್ತಾ ಇದ್ರೂ ತಿರುಗಿ ನೋಡ್ತಿಲ್ಲ ನೋಡು ಅವ,” ಎಂದು ಫೋನು ನನ್ನ ಕೈಗೆ ಕೊಟ್ಟು, ಚಹಾ ಆಯಿತೇ ಎಂದು ಒಳಗೆ ಅವ್ವನನ್ನು ಕೇಳಿದರು.